ನದಿ ದಾಟಿದ ಬೇರು

ಟಿರ್ನಾ ಎಂಬ ಊರಿನಲ್ಲಿ ಡಾಂಬರು ರಸ್ತೆ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಬರೀ ಮೆಟ್ಟಿಲು. ಕಣಿವೆಯ ಮಗ್ಗುಲಿಗೆ ಒರಗಿಕೊಂಡು ಇಳಿಯುವ, ಮೂರು ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲು. ಸೊಹ್ರಾದಿಂದ, ಅಂದರೆ ನಾವೆಲ್ಲ ಶಾಲೆಯಲ್ಲಿ ಚಿರಾಪುಂಜಿ ಎಂದು ಬಾಯಿಪಾಠ ಮಾಡಿದ ಊರಿನಿಂದ, ಟಿರ್ನಾಕ್ಕೆ ಸುಮಾರು 12 ಕಿ.ಮೀ. ಗುವಾಹಟಿಯಲ್ಲಿ ವಿಮಾನ ಇಳಿದು, ಶಿಲ್ಲಾಂಗ್‌ನಲ್ಲಿ ರಾತ್ರಿ ಕಳೆದು, ಹತ್ತು ಜನ ತುಂಬಿದ ಸುಮೋದಲ್ಲಿ ಸೊಹ್ರಾ ಸೇರಿ ಇಲ್ಲಿಗೆ ಬಂದಿದ್ದೆವು, ನಾನು ಮತ್ತು ಅಣ್ಣನ ಮಗ. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಮಳೆ ಮುಗಿದಿರಲಿಲ್ಲ.

ಮೇಲಿನ ಪ್ರಸ್ಥಭೂಮಿಯೇ ಒಂದು ಅಚ್ಚರಿ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,461 ಮಿ.ಮೀ. ಮಳೆ ಸುರಿದು ಜಗತ್ತಿನ ದಾಖಲೆಗೆ ಸೇರಿದ ಊರಿನಲ್ಲಿ ಮರಗಳೇ ಕಡಿಮೆ. ಹುಲ್ಲು, ಬಂಡೆ, ಮೋಡ, ಮತ್ತೆ ಹುಲ್ಲು. ಬಂಗಾಳ ಕೊಲ್ಲಿಯಿಂದ ಹೊರಟ ಮುಂಗಾರು ಬಾಂಗ್ಲಾದೇಶದ ಬಯಲನ್ನು ಅಡೆತಡೆಯಿಲ್ಲದೆ ದಾಟಿ, ಈ ಬೆಟ್ಟದ ಗೋಡೆಗೆ ಬಡಿದು ಮೇಲೇರುವಾಗ ಹೊತ್ತದ್ದನ್ನೆಲ್ಲ ಇಲ್ಲೇ ಇಳಿಸುತ್ತದೆ. ಆ ನೀರು ನಿಲ್ಲುವುದಿಲ್ಲ. ಮಣ್ಣನ್ನೂ ಎಳೆದುಕೊಂಡು ಕಣಿವೆಗೆ ಧುಮುಕುತ್ತದೆ. ಹಾಗಾಗಿ ಕಾಡಿರುವುದೆಲ್ಲ ಕೆಳಗೆ, ಕಣಿವೆಗಳ ಒಳಗೆ.

ಸ್ವಲ್ಪ ಇಳಿಯುವಷ್ಟರಲ್ಲಿ ಅಡಿಕೆ ಶುರುವಾಯಿತು. ನಾನು ಬೆಳೆದದ್ದು ಸುಳ್ಯದ ಕಡೆಯ ಅಡಿಕೆ ತೋಟದಲ್ಲಿ. ಸಾವಿರಾರು ಮೈಲಿ ಬಂದು ಮತ್ತೆ ಅಡಿಕೆ ಮರದ ಬುಡದಲ್ಲಿ ನಿಂತಾಗ ಮೈ ಜುಮ್ಮೆಂದಿತು. ಇಲ್ಲಿ ಸಾಲಿಲ್ಲ, ಅಳತೆಯಿಲ್ಲ. ಕಾಡಿನ ನಡುವೆ ಜಾಗ ಸಿಕ್ಕಲ್ಲಿ ನಿಂತ ಅಡಿಕೆ, ಅದರ ಮೈ ತುಂಬ ವೀಳ್ಯದ ಬಳ್ಳಿ, ಪಕ್ಕದಲ್ಲೇ ಹಲಸು, ಕಾಳುಮೆಣಸು, ಪಲಾವ್ ಎಲೆಯ ಮರ. "ಅತ್ತೆ, ಇಲ್ಲೂ ಕೊಳೆರೋಗಕ್ಕೆ ಬೋರ್ಡೋ ಹೊಡೀತಾರಾ?" ಎಂದು ಅಣ್ಣನ ಮಗ ಕೇಳಿದ. ಉತ್ತರ ಹೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಬಿದಿರ ಬುಟ್ಟಿ ಹೊತ್ತ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನಾವು ಬದಿಗೆ ಸರಿದೆವು. "ಖುಬ್ಲೇ" ಎಂದು ನಕ್ಕು ಉಸಿರು ಏರದೆ ಹೋಗಿಬಿಟ್ಟಳು.

ನಾನು ಇಷ್ಟು ದೂರ ಬಂದದ್ದು ಬಿಳಲು ನೋಡಲು.

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಒಂದು ಕಿರುಗೋಳಿ ಇದೆ. ಸಸ್ಯಶಾಸ್ತ್ರದವರು ಫೈಕಸ್ ಮೈಕ್ರೊಕಾರ್ಪ ಎನ್ನುತ್ತಾರೆ. ಬೋನ್ಸಾಯ್ ಮಾಡುವವರ ನೆಚ್ಚಿನ ಗಿಡ, ನಮ್ಮ ಹವೆಯಲ್ಲಿ ಯಾವ ಉಪಚಾರವನ್ನೂ ಕೇಳದೆ ಬೆಳೆಯುವಂಥದ್ದು. ವಿದ್ಯುತ್ ತಂತಿಗೆ ತಾಗುತ್ತದೆಂದು ಬೀದಿಮರದ ಕೊಂಬೆಗಳನ್ನು ಸವರಿ ರಸ್ತೆ ಬದಿಗೆ ಎಳೆದು ಹಾಕಿದ್ದ ರಾಶಿಯಿಂದ ಹೆಬ್ಬೆರಳು ದಪ್ಪದ ಒಂದು ತುಂಡನ್ನು ಆರಿಸಿ ತಂದಿದ್ದೆ. ಜೂನ್ ತಿಂಗಳು. ಗಿಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿದೊಡನೆ ಹಾಲಿನಂಥ ಸೊನೆ ಉಕ್ಕಿತು. ನಲ್ಲಿಯ ಕೆಳಗೆ ಹಿಡಿದು ಸೊನೆ ನಿಲ್ಲುವ ತನಕ ತೊಳೆದು, ಕಡಿದ ಬಾಯಿ ಆರುವ ತನಕ ನೆರಳಿನಲ್ಲಿಟ್ಟು, ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದವನ್ನೆಲ್ಲ ತೆಗೆದೆ. ದಪ್ಪ ಮರಳಿಗೆ ಅಷ್ಟೇ ತೆಂಗಿನ ನಾರಿನ ಪುಡಿ ಬೆರೆಸಿ ಅದರಲ್ಲಿ ಊರಿ, ಮೇಲೆ ಪಾರದರ್ಶಕ ಪಾಲಿಥೀನ್ ಚೀಲ ಮುಸುಕಿದೆ. ಮಾಡಬೇಕಾದದ್ದು ಇಷ್ಟೇ. ಉಳಿದದ್ದು ಗಿಡದ ಕೆಲಸ.

ಆ ಕೆಲಸ ನನಗೆ ಇವತ್ತಿಗೂ ಪವಾಡದ ಹಾಗೆ ಕಾಣುತ್ತದೆ. ಚಿಗುರು ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ರಸ ಸದಾ ಕೆಳಮುಖವಾಗಿ ಸಾಗುತ್ತಿರುತ್ತದೆ. ಕೊಂಬೆ ತುಂಡಾದರೆ ಅದಕ್ಕೆ ಮುಂದೆ ದಾರಿಯಿಲ್ಲ. ಕಡಿದ ಬಾಯಿಯ ಬಳಿಯೇ ಶೇಖರವಾಗುತ್ತದೆ. ತೊಗಟೆಯ ಒಳಪದರದ ಜೀವಕೋಶಗಳು, ನಿನ್ನೆಯವರೆಗೆ ಕಟ್ಟಿಗೆಯೋ ತೊಗಟೆಯೋ ಆಗಲು ಹೊರಟಿದ್ದವು, ಆ ಸಂದೇಶ ಸಿಕ್ಕೊಡನೆ ಕೆಲಸ ಬದಲಿಸಿ ಬೇರಾಗಲು ಶುರುಮಾಡುತ್ತವೆ. ಸೆಕೆಯೂ ತೇವವೂ ಇದ್ದರೆ ಒಂದು ತಿಂಗಳೊಳಗೆ ಹೊಸ ಬೇರು ಮರಳಿನೊಳಗೆ ಇಳಿದಿರುತ್ತದೆ. ಬೀಜ ಬೇಡ, ಹೂವು ಬೇಡ. ಅತ್ತಿ, ಆಲ, ಗೋಳಿಗಳ ಕುಲದಲ್ಲಿ ಬಹುತೇಕ ಒಂದೊಂದು ಜಾತಿಗೂ ತನ್ನದೇ ಆದ ಒಂದು ಸಣ್ಣ ಕಣಜ ಬೇಕು. ಆ ಕಣಜ ಕಾಯಿಯೊಳಗೆ ಹೊಕ್ಕು ಪರಾಗ ಮುಟ್ಟಿಸಿದರೆ ಮಾತ್ರ ಬೀಜ. ತುಂಡಿನಿಂದ ಬೆಳೆಸುವವರು ಆ ಇಡೀ ಸಂಸಾರವನ್ನು ಪಕ್ಕಕ್ಕಿಟ್ಟು ಮರಕ್ಕೆ ಹೊಸ ಜನ್ಮ ಕೊಡುತ್ತಾರೆ.

ನೆಲದ ಬೇರು ಸುಲಭ. ನನ್ನ ಆಸೆ ಇದ್ದದ್ದು ಗಾಳಿಯ ಬೇರಿನ ಮೇಲೆ. ಕೈಯಗಲದ ತಟ್ಟೆಯಲ್ಲಿ ನಿಂತ ಮರದ ಕೊಂಬೆಗಳಿಂದ ದಾರದಂಥ ಬಿಳಲುಗಳು ಇಳಿದು, ನೆಲ ಮುಟ್ಟಿ, ದಪ್ಪವಾಗಿ ಕಂಬಗಳಾಗಬೇಕು. ಬೋನ್ಸಾಯ್ ಎಂದರೆ ಪೈನ್, ಮೇಪಲ್ ಎಂದುಕೊಂಡಿರುವವರಿಗೆ ನಮ್ಮ ಉಷ್ಣವಲಯದ ಮರಗಳ ಈ ವೈಭವ ಗೊತ್ತಿಲ್ಲ. ಜಪಾನಿನ ಚಳಿಯ ಮರಗಳು ಗಾಳಿಗೆ ಬಾಗಿದ ಬೆನ್ನನ್ನು ತೋರಿಸುತ್ತವೆ. ನಮ್ಮವು ತಮ್ಮ ಚಾವಣಿಗೆ ತಾವೇ ಕಂಬ ಕೊಟ್ಟುಕೊಳ್ಳುತ್ತವೆ.

ಈ ಕುಲದ ಮರಗಳು ಹುಟ್ಟುವುದೇ ಎಷ್ಟೋ ಸಲ ಆಕಾಶದಲ್ಲಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಈಚಲಿನ ಸಂದಿನಲ್ಲೋ, ಹಳೆಯ ದೇವಸ್ಥಾನದ ಶಿಖರದಲ್ಲೋ ಮೊಳೆಯುತ್ತದೆ. ಅದರ ಮೊದಲ ಪಯಣ ಕೆಳಗಿಳಿಯುವುದು, ಮಣ್ಣು ಹುಡುಕುವುದು. ಬಿಳಲು ಬಿಡುವುದು ಮುದಿ ಆಲದ ಲಕ್ಷಣವೆಂದು ನಾವು ತಿಳಿಯುತ್ತೇವೆ. ಅದು ಎಳೆಗಿಡದ ನೆನಪು. ಗಾಳಿ ಸಾಕಷ್ಟು ಒದ್ದೆಯಾದಾಗ ಮರಕ್ಕೆ ತನ್ನ ಬಾಲ್ಯ ನೆನಪಾಗುತ್ತದೆ.

ಬೆಂಗಳೂರಿನ ಗಾಳಿ ಅಷ್ಟು ಒದ್ದೆಯಾಗುವುದು ಮಳೆಗಾಲದಲ್ಲಿ ಮಾತ್ರ. ಆಗ ಕೊಂಬೆಗಳ ಅಡಿಯಲ್ಲಿ ಗುಲಾಬಿ ಚುಕ್ಕೆಗಳು ಮೂಡಿ ಬಿಳಿ ಎಳೆಗಳಾಗಿ ಇಣುಕುತ್ತವೆ. ಫೆಬ್ರವರಿಯ ಒಣಹವೆ ಬಂತೆಂದರೆ ತುದಿ ಕಪ್ಪಾಗಿ ನಿಂತುಬಿಡುತ್ತವೆ. ಅದಕ್ಕೇ ಬೋನ್ಸಾಯ್ ಬೆಳೆಸುವವರು ಮರದ ಸುತ್ತ ಪಾಲಿಥೀನ್ ಡೇರೆ ಕಟ್ಟುತ್ತಾರೆ, ದಿನಕ್ಕೆರಡು ಸಲ ನೀರು ಸಿಂಪಡಿಸುತ್ತಾರೆ. ಬಿಳಲು ಬೆರಳುದ್ದ ಬಂದಮೇಲೆ ಎಳನೀರು ಕುಡಿಯುವ ಸ್ಟ್ರಾವನ್ನು ಉದ್ದಕ್ಕೆ ಸೀಳಿ, ತೇವದ ಪಾಚಿ ತುಂಬಿ, ಬಿಳಲನ್ನು ಒಳಗಿಟ್ಟು, ಕೆಳತುದಿಯನ್ನು ಮಣ್ಣಿಗೆ ಊರುತ್ತಾರೆ. ಕತ್ತಲೆಯೂ ತೇವವೂ ಇರುವ ಆ ಕೊಳವೆಯೊಳಗೆ ಬೇರು ನಿಲ್ಲದೆ ಇಳಿಯುತ್ತದೆ. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ನಾನು ಊರಿನಿಂದ ತಂದ ಸಣ್ಣ ಓಟೆಯ ತುಂಡನ್ನು ಎರಡಾಗಿ ಸೀಳಿ ದಾರ ಸುತ್ತಿ ಬಳಸುತ್ತಿದ್ದೇನೆ. ಒಳಗಿನ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ, ನೋಡಲೂ ಚೆಂದ.

ಇಂಥದೇ ಕೊಳವೆಯನ್ನು ದೊಡ್ಡ ಅಳತೆಯಲ್ಲಿ ಮೊದಲು ಕಂಡದ್ದು ಬಾಗೇಪಲ್ಲಿ, ಗೋರಂಟ್ಲ ದಾಟಿ ಕದಿರಿಯ ಕಡೆ ಹೋದಾಗ, ತಿಮ್ಮಮ್ಮ ಮರ್ರಿಮಾನು ಎಂಬ ಆಲದಲ್ಲಿ. 1989ರ ಗಿನ್ನೆಸ್ ಪುಸ್ತಕದಲ್ಲಿ ಜಗತ್ತಿನ ಅತಿ ದೊಡ್ಡ ಆಲವೆಂದು ಸೇರಿದ ಮರ ಅದು, 19,107 ಚದರ ಮೀಟರ್ ಹರವು. ಅದನ್ನು ಹೊರಜಗತ್ತಿಗೆ ತೋರಿಸಿಕೊಟ್ಟವರು ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್. ಸುತ್ತಲೂ ರಾಯಲಸೀಮೆಯ ಕಲ್ಲುಗುಡ್ಡ, ಬಿಸಿಲು, ಶೇಂಗಾದ ಹೊಲ. ನಡುವೆ ಈ ಒಂದೇ ಮರದ ಕಾಡು. ಒಳಗೆ ನಡೆಯುತ್ತಾ ಹೋದರೆ ತಾಯಿಬುಡ ಯಾವುದು ಎಂದು ಗುರುತಿಸಲಾಗುವುದಿಲ್ಲ. ಎಲ್ಲ ಕಂಬಗಳೂ ತಾಯಿಯೇ. ಅಲ್ಲಿ ಮರ ನೋಡಿಕೊಳ್ಳುವವರು ಎಳೆಯ ಬಿಳಲುಗಳಿಗೆ ಮಣ್ಣು ಗೊಬ್ಬರ ತುಂಬಿದ ಬಿದಿರಿನ ಕೊಳವೆ ತೊಡಿಸಿ ನೆಲಕ್ಕೆ ಇಳಿಸುತ್ತಾರೆ. ಅಷ್ಟು ಒಣ ನಾಡಿನಲ್ಲಿ ಮನುಷ್ಯನ ಕೈ ಇಲ್ಲದಿದ್ದರೆ ಎಷ್ಟೋ ಬಿಳಲುಗಳು ಗಾಳಿಯಲ್ಲೇ ಒಣಗಿಹೋಗುತ್ತಿದ್ದವು.

ಅಲ್ಲಿಂದ ಬಂದಮೇಲೆ ಒಂದೇ ಯೋಚನೆ. ಒಣ ನಾಡಿನಲ್ಲಿ ಬೇರಿಗೆ ಬೇಕಾದ ತೇವವನ್ನು ಮನುಷ್ಯ ಒದಗಿಸುತ್ತಾನೆ. ಗಾಳಿಯೇ ನೀರಾಗಿರುವ ನಾಡಿನಲ್ಲಿ ಮನುಷ್ಯನಿಗೆ ಬೇರಿನೊಡನೆ ಏನು ಕೆಲಸ? ಆ ಪ್ರಶ್ನೆಯೇ ನನ್ನನ್ನು ಖಾಸಿ ಬೆಟ್ಟಗಳ ಈ ಮೆಟ್ಟಿಲುಗಳಿಗೆ ತಂದು ಬಿಟ್ಟಿತ್ತು.

ಮೊದಲ ಸೇತುವೆ ರಿತಿಮ್ಮೆನ್‌ನದು. ದಾರಿಯಿಂದ ಸ್ವಲ್ಪ ಒಳಗೆ. ಸುಮಾರು 30 ಮೀಟರ್ ಉದ್ದ. ಮರದ ನೆರಳಿನಿಂದ ಹೊರಗೆ ಬಂದ ಬೇರುಗಳು ಕಣಿವೆಯ ಮೇಲೆ ಬಾಗಿ, ಆಚೆ ದಡದ ಬಂಡೆಗಳಲ್ಲಿ ಹೊಕ್ಕು ಮಾಯವಾಗುತ್ತವೆ. ಕಾಲಿಡುವ ಜಾಗದಲ್ಲಿ ಬೇರುಗಳ ಸಂದಿಗೆ ಚಪ್ಪಟೆ ಕಲ್ಲು ಜೋಡಿಸಿದ್ದಾರೆ. ಸೊಂಟದೆತ್ತರಕ್ಕೆ ಕೈಪಿಡಿಯಾಗಿ ಮತ್ತೊಂದು ಸಾಲು ಬೇರು. ಚಿತ್ರಗಳಲ್ಲಿ ನೋಡಿದ್ದೆ. ಆದರೆ ಚಿತ್ರದಲ್ಲಿ ಅದು ಜೀವಂತವೆಂಬುದು ತಿಳಿಯುವುದಿಲ್ಲ. ಅಂಗೈ ಇಟ್ಟಾಗ ತಿಳಿಯುತ್ತದೆ. ತೊಗಟೆ ತಣ್ಣಗಿತ್ತು, ಅಲ್ಲಲ್ಲಿ ಹೊಸ ಚರ್ಮ ಮೂಡಿತ್ತು. ಒಂದು ಕಡೆ ಉಗುರು ತಾಗಿದಲ್ಲಿ ಬಿಳಿ ಸೊನೆಯ ಹನಿ ಮೂಡಿತು. ನಾನು ನಿಂತಿದ್ದ ಸೇತುವೆಗೆ ಸೊನೆ ಇತ್ತು!

ಮರ ಯಾವುದೆಂದು ನೋಡಿದರೆ ನಗರದ ಪ್ರತಿಯೊಬ್ಬರಿಗೂ ಪರಿಚಯವಿರುವಂಥದ್ದು. ಬ್ಯಾಂಕಿನ ಮೂಲೆಯಲ್ಲಿ, ಆಸ್ಪತ್ರೆಯ ಹಜಾರದಲ್ಲಿ, ಪ್ಲಾಸ್ಟಿಕ್ ಕುಂಡದಲ್ಲಿ ದೂಳು ಹೊತ್ತು ನಿಂತಿರುವ ರಬ್ಬರ್ ಗಿಡ. ದಪ್ಪ ಹೊಳಪೆಲೆ, ತುದಿಯಲ್ಲಿ ಎಲೆಮೊಗ್ಗನ್ನು ಮುಚ್ಚಿದ ಕೆಂಪು ಹೊದಿಕೆ. ಫೈಕಸ್ ಇಲಾಸ್ಟಿಕಾ. ಈಗಿನ ರಬ್ಬರ್ ಮರ ಬ್ರೆಜಿಲ್‌ನಿಂದ ಬರುವ ಮೊದಲು ಅಸ್ಸಾಮಿನ ಕಡೆ ರಬ್ಬರಿಗಾಗಿ ಇದರ ಸೊನೆಯನ್ನೇ ಇಳಿಸುತ್ತಿದ್ದರು. ಇದರ ತವರು ಇದೇ ಈಶಾನ್ಯದ ಬೆಟ್ಟಗಳಿಂದ ಮಲಯದ ತನಕದ ಕಾಡು. ತುಂಡು ನೆಟ್ಟರೂ ಚಿಗುರುವ ಮರ. ತವರಿನಲ್ಲಿ ಅದು ಹೊಳೆದಂಡೆಯ ಬಂಡೆಯನ್ನು ಬೇರಿನಿಂದ ಅವಚಿ ಹಿಡಿದು, ಪ್ರವಾಹ ಬಂದರೂ ಕದಲದೆ ನಿಲ್ಲುತ್ತದೆ. ಖಾಸಿಗಳು ಈ ಮರವನ್ನು ಜ್ರಿ ಎನ್ನುತ್ತಾರೆ, ಅದರ ಸೇತುವೆಯನ್ನು ಜಿಂಗ್‌ಕಿಯೆಂಗ್ ಜ್ರಿ.

ರಿತಿಮ್ಮೆನ್ ದಾಟಿದ ಮೇಲೆ ಎರಡು ಉಕ್ಕಿನ ತಂತಿಯ ತೂಗುಸೇತುವೆಗಳು. ಕೆಳಗೆ ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ನೀಲಿ ಹಸಿರು ನೀರು ಭೋರ್ಗರೆಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ತಂತಿ ಕಿರುಗುಡುತ್ತದೆ, ಓಲಾಡುತ್ತದೆ. ಈ ತೇವದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಿದಿರು ಕೆಲವೇ ವರ್ಷದಲ್ಲಿ ಕೊಳೆಯುತ್ತದೆ, ಮರದ ದಿಮ್ಮಿಯನ್ನು ಒಂದು ಮಳೆಗಾಲ ಹೊತ್ತೊಯ್ಯುತ್ತದೆ. ಮಾಡಿದ ಪ್ರತಿಯೊಂದು ವಸ್ತುವೂ ಮಾಡಿದ ದಿನದಿಂದಲೇ ಸವೆಯಲು ಶುರುವಾಗುವ ನಾಡಿದು. ಬೇರಿನ ಸೇತುವೆಯೊಂದೇ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ.

ನೊಂಗ್ರಿಯಾಟ್ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಉಮ್‌ಶಿಯಾಂಗ್ ಹೊಳೆಯ ಮೇಲೆ, ಒಂದರ ಮೇಲೊಂದು, ಎರಡು ಸೇತುವೆ. ನಾನು ಬೆನ್ನಿನ ಚೀಲ ಇಳಿಸುವುದನ್ನೂ ಮರೆತು ನಿಂತೆ. ಕೆಳಗಿನದರ ಅಡಿಯಿಂದ ನೀರು ಕೊಳವಾಗಿ ಹರಡಿತ್ತು. ಮೇಲಿನದರ ಮೇಲೆ ಇಬ್ಬರು ಶಾಲೆಯ ಮಕ್ಕಳು ಚೀಲ ತೂಗಾಡಿಸುತ್ತ ಆಚೆ ದಡಕ್ಕೆ ಹೋಗುತ್ತಿದ್ದರು, ಕೆಳಗೆ ನೋಡಲೂ ಇಲ್ಲ. ನಮಗೆ ಬೆರಗು, ಅವರಿಗೆ ಮನೆಯ ದಾರಿ.

ಈ ಸೇತುವೆಗಳನ್ನು ಯಾರು ಮೊದಲು ಬೆಳೆಸಿದರೆಂದು ಬರೆದಿಟ್ಟವರಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ಯೂಲ್ 1844ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಖಾಸಿ ಬೆಟ್ಟಗಳ ಬಗ್ಗೆ ಬರೆಯುತ್ತ ಇವುಗಳನ್ನು ಕಂಡು ಬೆರಗಾದದ್ದನ್ನು ದಾಖಲಿಸಿದ್ದಾನೆ. ಆಗಲೇ ಅವು ಬೆಳೆದು ನಿಂತಿದ್ದವು. ಕಟ್ಟಡಗಳಲ್ಲಿ ಜೀವಂತ ಮರ ಬಳಸುವುದನ್ನು ಅಭ್ಯಾಸ ಮಾಡುವ ಜರ್ಮನಿಯ ಫರ್ಡಿನೆಂಡ್ ಲುಡ್ವಿಗ್ ಮತ್ತು ಸಂಗಡಿಗರು 74 ಸೇತುವೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಬಂಧ ಪ್ರಕಟಿಸಿದರು. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಇವು ಸೇರಿದವು. ಸೇರಲಿ, ಒಳ್ಳೆಯದೇ. ಆದರೆ ನೋಡಬೇಕಾದದ್ದು ಪಟ್ಟಿಗಳಲ್ಲಿಲ್ಲ, ಬೇರಿನ ಮೇಲೆ ಕೈಯಾಡಿಸುವ ಇಲ್ಲಿನವರ ಬೆರಳುಗಳಲ್ಲಿದೆ.

ನಾವು ಉಳಿದ ಮನೆಯ ಯಜಮಾನಿಗೆ ನನಗಿಂತ ನಾಲ್ಕಾರು ವರ್ಷ ಹೆಚ್ಚಿರಬಹುದು. ಊರಿನವರೆಲ್ಲ ಕರೆಯುವಂತೆ ನಾನೂ ಕಾಂಗ್ ಎಂದೆ, ಅಕ್ಕ ಎಂದ ಹಾಗೆ. ಕೂತ ಕೂಡಲೇ ತಟ್ಟೆಯಲ್ಲಿ ಕ್ವಾಯ್ ಬಂತು: ಹಸಿ ಅಡಿಕೆಯ ಹೋಳು, ಸುಣ್ಣ ಸವರಿದ ವೀಳ್ಯದೆಲೆ. ನಾನು ಎಲೆಯ ತೊಟ್ಟು ಮುರಿದು ನರ ಬಿಡಿಸುವುದನ್ನು ಕಂಡು ಆಕೆ ಹುಬ್ಬೇರಿಸಿದರು. "ನಿಮ್ಮ ಕಡೆಯೂ ಉಂಟಾ?" ಎಂದು ಹಿಂದಿಯಲ್ಲಿ ಕೇಳಿದರು. ಉಂಟು ಕಾಂಗ್, ನಮ್ಮಪ್ಪನ ತೋಟವೇ ಅಡಿಕೆಯದು ಎಂದೆ. ಆಮೇಲೆ ಮಾತಿಗೆ ತಡೆಯೇ ಇರಲಿಲ್ಲ. ತಟ್ಟೆಯಲ್ಲಿ ಬೆಳೆಸಿದ ನನ್ನ ಮರದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಓಟೆಯ ಕೊಳವೆಯನ್ನು ಹಿಗ್ಗಿಸಿ ನೋಡಿದ ಕಾಂಗ್, ಫೋನನ್ನು ಒಳಗಿದ್ದ ಗಂಡನಿಗೂ ತೋರಿಸಿ ಬಂದು, "ಬೆಳಿಗ್ಗೆ ಬನ್ನಿ, ನಮ್ಮದನ್ನು ತೋರಿಸುತ್ತೇನೆ" ಎಂದರು.

ರಾತ್ರಿಯಿಡೀ ತಗಡಿನ ಮೇಲೆ ಮಳೆ. ಬೆಳಿಗ್ಗೆ ಹೊಳೆಯ ಸದ್ದು ಎರಡು ಪಟ್ಟಾಗಿತ್ತು. ಕೆಳಗಿನ ಸೇತುವೆಯ ಹೊಟ್ಟೆಗೆ ನೀರು ಇನ್ನೇನು ತಾಗಬೇಕು. ಮೇಲೊಂದು ಯಾಕಿದೆ ಎನ್ನುವುದು ಆಗ ಕಣ್ಣಿಗೇ ಕಂಡಿತು.

ಕಾಂಗ್ ನಮ್ಮನ್ನು ಕರೆದೊಯ್ದದ್ದು ಪ್ರವಾಸಿಗಳು ನಿಂತು ಫೋಟೋ ತೆಗೆಸಿಕೊಳ್ಳುವ ಜಾಗಕ್ಕಲ್ಲ. ಮರದ ಬುಡ ಬಳಸಿ ಹಿಂದಕ್ಕೆ, ಅಲ್ಲಿ ಕೊಂಬೆಯೊಂದರಿಂದ ಹೊಸ ಬಿಳಲುಗಳು ಇಳಿಯುತ್ತಿದ್ದವು. ಅವುಗಳಲ್ಲಿ ಒಂದನ್ನು ನಾನು ಬಹಳ ಹೊತ್ತು ನೋಡಿದೆ. ಪೆನ್ಸಿಲಿನಷ್ಟು ದಪ್ಪ, ಕೆಂಪು ಮಿಶ್ರಿತ ಕಂದು, ಮೈಮೇಲೆ ಬಿಳಿ ಚುಕ್ಕೆಗಳು. ಕೊನೆಯ ಒಂದು ಬೆರಳುದ್ದ ತಿಳಿ ಹಳದಿ, ಕೊಟ್ಟ ಕೊನೆಯಲ್ಲಿ ಲೋಳೆ ಮೆತ್ತಿದ ಸಣ್ಣ ಟೋಪಿ. ಆ ಟೋಪಿಯ ತುದಿಯಲ್ಲಿ ಮಂಜಿನ ಹನಿಯೊಂದು ಕೂಡಿಕೊಂಡು, ಬಿದ್ದು, ಮತ್ತೆ ಕೂಡಿಕೊಳ್ಳುತ್ತಿತ್ತು. ನಮ್ಮ ತಾರಸಿಯಲ್ಲಿ ಡೇರೆ ಕಟ್ಟಿ, ನೀರು ಸಿಂಪಡಿಸಿ ನಾನು ಇಷ್ಟು ವರ್ಷ ತರಲು ಹೆಣಗಿದ್ದ ಗಾಳಿ ಇದು. ಇಲ್ಲಿ ಅದು ಕಣಿವೆಯ ತುಂಬ ಯಾರ ಖರ್ಚೂ ಇಲ್ಲದೆ ನಿಂತಿತ್ತು.

"ಇದು ತಾನಾಗಿ ಕೆಳಗೆ ಹೋಗುತ್ತದೆ. ನಮಗೆ ಬೇಕಾದದ್ದು ಆಚೆ" ಎಂದು ಕಾಂಗ್ ಹೊಳೆಯ ಕಡೆ ಗಲ್ಲ ತೋರಿಸಿದರು.

ನನ್ನ ಪ್ರಶ್ನೆಗೆ ಉತ್ತರ ಅದೇ. ತೇವ ಗಾಳಿಯದು, ಬೆಳೆಯುವ ಹುಮ್ಮಸ್ಸು ಮರದ್ದು, ದಿಕ್ಕು ಮಾತ್ರ ಮನುಷ್ಯನದು. ದಿಕ್ಕು ಕೊಡಲು ಈ ಕಣಿವೆಗಳಲ್ಲಿ ಹಿಂದಿನಿಂದಲೂ ಬಳಸುತ್ತ ಬಂದಿರುವುದು ಒಂದು ಬಿದಿರು, ಮತ್ತೊಂದು ಅಡಿಕೆ ಮರ. ಅಡಿಕೆಯ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದು, ಹೊಳೆಗೆ ಅಡ್ಡಲಾಗಿ ಇಡುತ್ತಾರೆ. ಅದರೊಳಗೆ ಎಳೆಯ ಬಿಳಲನ್ನು ಮಲಗಿಸುತ್ತಾರೆ. ಕೇಳುತ್ತ ಕೇಳುತ್ತ ನನ್ನ ಕಣ್ಣಮುಂದೆ ಬಂದದ್ದು ಊರಿನ ದಂಬೆ. ನಮ್ಮ ತೋಟಗಳಲ್ಲಿ ಪಂಪುಸೆಟ್ಟು ಬರುವ ಮೊದಲು ಹೀಗೇ ಕೆತ್ತಿದ ಅಡಿಕೆಯ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಗುಡ್ಡದ ನೀರನ್ನು ಅಂಗಳಕ್ಕೆ ತರುತ್ತಿದ್ದರು. ಅಲ್ಲಿ ದಂಬೆಯಲ್ಲಿ ನೀರು ಹರಿಯುತ್ತಿತ್ತು. ಇಲ್ಲಿ ಬೇರು ಹರಿಯುತ್ತದೆ, ವರ್ಷಕ್ಕೆ ಇಷ್ಟಿಷ್ಟು.

ದಂಬೆಯೂ ಬಿದಿರೂ ಕೊಳೆಯುತ್ತವೆ. ಬದಲಿಸಬೇಕು. ಬೇರು ಆಚೆ ದಡ ಮುಟ್ಟುವುದರೊಳಗೆ ಎಷ್ಟೋ ಸಲ ಬದಲಿಸಬೇಕು. ನೆಟ್ಟ ಗಿಡ ಬಿಳಲು ಬಿಡುವಷ್ಟು ದೊಡ್ಡದಾಗಲು ಕೆಲವು ವರ್ಷ, ಬಿಳಲು ಹೊಳೆ ದಾಟಲು ಮತ್ತೆ ಕೆಲವು, ಜನ ಭಯವಿಲ್ಲದೆ ನಡೆಯುವಷ್ಟು ಗಟ್ಟಿಯಾಗಲು ಒಂದೆರಡು ದಶಕ. ನೆಟ್ಟವರ ಮಕ್ಕಳು ದಾಟುತ್ತಾರೆ, ಮೊಮ್ಮಕ್ಕಳು ರಿಪೇರಿ ಮಾಡುತ್ತಾರೆ. ಕಾಂಗ್‌ಗೆ ಇದು ಹೇಳಿಕೊಳ್ಳುವಂಥ ದೊಡ್ಡ ವಿಷಯವಾಗಿ ಕಾಣಲಿಲ್ಲ. ಮಾತಾಡುತ್ತಲೇ ಒಂದು ತೆಳ್ಳನೆಯ ಬಿಳಲನ್ನು ಹಿಡಿದು, ಪಕ್ಕದ ದಪ್ಪ ಬೇರಿನ ಸುತ್ತ ಎರಡು ಸುತ್ತು ಸುತ್ತಿ, ತುದಿಯನ್ನು ಮತ್ತೊಂದು ಬೇರಿನ ಸಂದಿಗೆ ತೂರಿಸಿದರು. ಜಡೆ ಹಾಕುವ ಕೈಗಳು ಹಾಗೆ ಓಡುತ್ತವೆ. "ತುದಿ ಮುರಿಯಬಾರದು, ಅಷ್ಟೇ" ಎಂದರು.

ಹಾಗೆ ಸುತ್ತಿದ್ದು ಅಲಂಕಾರಕ್ಕಲ್ಲ. ಎರಡು ಬೇರು ಬಿಗಿಯಾಗಿ ಒತ್ತಿಕೊಂಡು ದಪ್ಪವಾಗುತ್ತ ಹೋದಂತೆ ನಡುವಿನ ತೊಗಟೆ ಸವೆದು ಒಳಗಿನ ಪದರಗಳು ಕೂಡಿಕೊಳ್ಳುತ್ತವೆ. ಆಮೇಲೆ ಅವು ಎರಡಲ್ಲ, ಒಂದೇ. ಲುಡ್ವಿಗ್ ತಂಡದವರು ವಿವರಿಸಿದ್ದು ಇದನ್ನೇ: ಗಂಟು ಹಾಕಿದಲ್ಲಿ, ಹೆಣೆದಲ್ಲಿ ಬೇರುಗಳು ಬೆಸೆದುಕೊಂಡು ಇಡೀ ಸೇತುವೆ ಒಂದೇ ಚೌಕಟ್ಟಾಗುತ್ತದೆ. ಇನ್ನೂ ಬೆರಗಿನದೊಂದಿದೆ. ನೇತಾಡುತ್ತಿರುವ ತನಕ ಬಿಳಲು ಸಡಿಲವಾಗಿರುತ್ತದೆ. ತುದಿ ಮಣ್ಣಿಗಿಳಿದು ಭದ್ರವಾದ ಮೇಲೆ ಅದು ಕುಗ್ಗಿ ಬಿಗಿಯಾಗುತ್ತದೆ. ಇದೇ ಕುಲದ ಫೈಕಸ್ ಬೆಂಜಮಿನಾ ಮರದ ಬಿಳಲುಗಳಲ್ಲಿ ಇದಕ್ಕೆ ಕಾರಣವಾದ, ಎಳೆತಕ್ಕೆಂದೇ ಬೆಳೆಯುವ ವಿಶೇಷ ಮರದೆಳೆ ಇರುವುದನ್ನು ಝಿಮ್ಮರ್‌ಮನ್ ಮತ್ತು ಸಂಗಡಿಗರು 1968ರಲ್ಲೇ ತೋರಿಸಿದ್ದರು. ಅಂದರೆ ಮರ ದಡದಿಂದ ದಡಕ್ಕೆ ಹಗ್ಗ ಎಸೆದು ಸುಮ್ಮನಾಗುವುದಿಲ್ಲ, ಆಮೇಲೆ ಅದನ್ನು ಎಳೆದು ಬಿಗಿಯುತ್ತದೆ. ತಾರಸಿಯ ನನ್ನ ಮರದಲ್ಲೂ ಮಣ್ಣು ಮುಟ್ಟಿದ ಬಿಳಲುಗಳು ಕೆಲವೇ ತಿಂಗಳಲ್ಲಿ ವೀಣೆಯ ತಂತಿಯಷ್ಟು ನೆಟ್ಟಗಾಗುವುದನ್ನು ನೋಡಿದ್ದೆ. ಕಾರಣ ಮಾತ್ರ ಓದಿ ತಿಳಿದದ್ದು, ಮೇಲಿನ ಸೇತುವೆಯ ಕೈಪಿಡಿಯನ್ನು ಎರಡು ಬೆರಳಿನಿಂದ ಮೀಟಿದಾಗ ಮನಸ್ಸಿಗೆ ಇಳಿದದ್ದು.

ಮೂರನೆಯ ಸೇತುವೆಯೊಂದನ್ನೂ ಇಲ್ಲಿ ಬೆಳೆಸುತ್ತಿದ್ದಾರೆ. ಅಲ್ಲಿ ಈಗ ಇರುವುದು ಬಿದಿರಿನ ಹಂದರ, ಅದರ ಮೇಲೆ ಬೆರಳು ಗಾತ್ರದ ಬೇರುಗಳು. ಪ್ರವಾಸಿಗಳು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದೇ. ಮುಗಿದ ಸೇತುವೆಯನ್ನು ಯಾರಾದರೂ ಮೆಚ್ಚಬಹುದು. ಬಿದಿರಿನ ಮೇಲೆ ಬೇರು ಇನ್ನೂ ತೆವಳುತ್ತಿರುವುದನ್ನು ನೋಡಿದಾಗಲೇ ಆ ಮುಗಿದ ಸೇತುವೆಯ ನಿಜವಾದ ಬೆಲೆ ತಿಳಿಯುವುದು.

ಕಾಂಗ್‌ರ ಗಂಡ ಹಂದರದ ಕೊಳೆತ ಗಳುವೊಂದನ್ನು ಬಿಚ್ಚುತ್ತಿದ್ದರು. ಅಣ್ಣನ ಮಗ ಚಪ್ಪಲಿ ಕಳಚಿ ಹೊಸ ಗಳುವಿನ ಒಂದು ತುದಿ ಹಿಡಿದ. ಬೇರುಗಳನ್ನು ಹಳೆಯ ಗಳುವಿನಿಂದ ಹೊಸದಕ್ಕೆ ಒಂದೊಂದಾಗಿ ವರ್ಗಾಯಿಸಿದರು, ನಿದ್ದೆಯಲ್ಲಿರುವ ಮಗುವನ್ನು ಎತ್ತುವಷ್ಟು ಜೋಪಾನವಾಗಿ. ಬಿದಿರಿನ ತೆಳು ಸೀಳಿನಿಂದಲೇ ಕಟ್ಟು. ತಂತಿ ಬಳಸುವುದಿಲ್ಲವೇ ಎಂದು ಕೇಳಿದೆ. ತಂತಿ ಬೇರಿನೊಳಗೆ ಕೊರೆದುಬಿಡುತ್ತದೆ, ಬಿದಿರ ಸೀಳಾದರೆ ಬೇರು ದಪ್ಪಗಾಗುವಷ್ಟರಲ್ಲಿ ತಾನೇ ಕೊಳೆತು ಬಿದ್ದುಹೋಗುತ್ತದೆ ಎಂದರು. ಬೋನ್ಸಾಯ್ ಕೊಂಬೆಗೆ ಸುತ್ತಿದ ಅಲ್ಯೂಮಿನಿಯಂ ತಂತಿಯನ್ನು ತೊಗಟೆಗೆ ಗಾಯವಾಗುವ ಮೊದಲು ಬಿಚ್ಚಬೇಕೆಂದು ಸದಾ ಕಾವಲಿರಬೇಕಾದ ನನಗೆ, ಆ ಮಾತೇ ಈ ಪ್ರಯಾಣದ ದೊಡ್ಡ ಗಳಿಕೆ.

ಹೊರಡುವಾಗ ಕಾಂಗ್ ಒಂದು ಪೊಟ್ಟಣ ಕ್ವಾಯ್ ಕಟ್ಟಿಕೊಟ್ಟರು. ಮೆಟ್ಟಿಲು ಹತ್ತುವಾಗ ಮಳೆ ಬಿಟ್ಟಿತ್ತು. ಕಾಲು ನಡುಗುತ್ತಿದ್ದರೂ ಮತ್ತೆ ಮತ್ತೆ ನಿಂತು ಬಂಡೆಗಳನ್ನು, ಹಲಸಿನ ಬುಡಗಳನ್ನು, ಹಳೆಯ ಗೋಡೆಗಳನ್ನು ನೋಡುತ್ತಿದ್ದೆ. ಎಲ್ಲೆಲ್ಲೂ ಬೇರು. ಬರುವಾಗಲೂ ಇದೇ ದಾರಿಯಲ್ಲಿ ಬಂದಿದ್ದೆ, ಆಗ ಇಷ್ಟು ಕಂಡಿರಲಿಲ್ಲ.

ತಾರಸಿಯ ಕಿರುಗೋಳಿಯಲ್ಲಿ ಈಗ ಎಲ್ಲ ಬಿಳಲುಗಳನ್ನೂ ನೇರ ಕೆಳಗೆ ಇಳಿಸುವುದಿಲ್ಲ. ತಟ್ಟೆಯ ಎಡಗಡೆ ಒಂದು ಚಪ್ಪಟೆ ಕಲ್ಲನ್ನು ನಿಲ್ಲಿಸಿದ್ದೇನೆ. ಮರದಿಂದ ಕಲ್ಲಿನ ತಲೆಗೆ ಅಡ್ಡಲಾಗಿ ಅಡಿಕೆ ಹಾಳೆಯ ಸಣ್ಣ ಪಟ್ಟಿಯನ್ನು ಮಡಚಿ ಇಟ್ಟು, ತೇವದ ಪಾಚಿ ಹಾಸಿ, ಎರಡು ಬಿಳಲುಗಳನ್ನು ಒಂದಕ್ಕೊಂದು ಸುತ್ತಿ ಅದರಲ್ಲಿ ಮಲಗಿಸಿದ್ದೇನೆ. ಕಟ್ಟಲು ಬಾಳೆಯ ನಾರು. ಒಂದು ಮಳೆಗಾಲದಲ್ಲಿ ಅವು ಕಲ್ಲು ದಾಟಿ ಆಚೆಯ ಮಣ್ಣು ಹಿಡಿದವು. ಹಾಳೆ ಕರಗಿಹೋಯಿತು, ನಾರೂ ಹೋಯಿತು. ಸುತ್ತಿದಲ್ಲಿ ಎರಡರ ತೊಗಟೆಯೂ ಸೇರಿಕೊಳ್ಳುವ ಗುರುತು ಕಾಣುತ್ತಿದೆ. ಬಲಗಡೆಯ ಕೊಂಬೆಯಿಂದ ಇನ್ನೂ ಒಂದು ಬಿಳಲೂ ಬಂದಿಲ್ಲ. ಆ ಪಕ್ಕ ಬಿಸಿಲು ಜಾಸ್ತಿ, ಗಾಳಿ ಬೇಗ ಒಣಗುತ್ತದೆ. ಮುಂದಿನ ಜೂನ್‌ನಲ್ಲಿ ಡೇರೆಯನ್ನು ಇಡೀ ಮರಕ್ಕೆ ಕಟ್ಟದೆ ಆ ಕೊಂಬೆಯೊಂದಕ್ಕೇ ಕಟ್ಟಿ ನೋಡಬೇಕೆಂದಿದ್ದೇನೆ.